ಅಣ್ಣನ ಬಿಪಿ, ನನ್ನ ಗಂಧೆ

ನಮ್ಮ ಮನೆಯಲ್ಲಿ ಭಾನುವಾರ ಮಧ್ಯಾಹ್ನ ತಟ್ಟೆಗಳಿಗಿಂತ ಮೊದಲು ಊಟದ ಮೇಜಿನ ಮೇಲೆ ಬರುತ್ತಿದ್ದುದು ಬಿಪಿ ಮೆಷಿನ್ನು. ಅಣ್ಣ ಎಡಗೈ ಚಾಚಿ ಕೂರುತ್ತಿದ್ದ. ಅತ್ತಿಗೆ ತೋಳಿಗೆ ಪಟ್ಟಿ ಸುತ್ತಿ ಗುಂಡಿ ಒತ್ತುತ್ತಿದ್ದರು. ಅದು ಬುಸುಗುಡುತ್ತ ಉಬ್ಬಿ ಮತ್ತೆ ಇಳಿಯುವವರೆಗೆ ಯಾರೂ ಪಿಟಿಕ್ಕೆನ್ನುವಂತಿರಲಿಲ್ಲ. ಆಮೇಲೆ ಅತ್ತಿಗೆ ನಮ್ಮ ಕಡೆ ತಿರುಗಿ ತಲೆಯಾಡಿಸಿದರೆ ಮಾತಾಡಬಹುದು, ತುಟಿ ಬಿಗಿದರೆ ತೆಪ್ಪಗೆ ಉಂಡು ಏಳಬೇಕು. ತುಟಿ ಬಿಗಿದ ಭಾನುವಾರಗಳೇ ಹೆಚ್ಚು.

ಕೆಟ್ಟ ಸುದ್ದಿಗಳೆಲ್ಲ ಅತ್ತಿಗೆಯ ತಲೆ ಆಡುವುದನ್ನೇ ಕಾಯುತ್ತ ಬಿದ್ದಿರುತ್ತಿದ್ದವು. ಅಣ್ಣನ ಮಗಳು ಪರೀಕ್ಷೆಯಲ್ಲಿ ಫೇಲಾದದ್ದು ಅವನಿಗೆ ಗೊತ್ತಾದದ್ದು ಅವಳು ಮತ್ತೆ ಕಟ್ಟಿ ಪಾಸಾದ ಮೇಲೆ. ಒಂದು ಚಳಿಗಾಲದಲ್ಲಿ ಗೀಸರ್ ಸುಟ್ಟುಹೋಯಿತು. ಬಿಪಿ ಇಳಿದ ಮೇಲೆ ಹೇಳೋಣ ಎಂದು ಎಲ್ಲರೂ ಸುಮ್ಮನಿದ್ದೆವು. ಅಣ್ಣ ತಲೆಯ ಮೇಲೆ ಒಂದು ಚೊಂಬು ಮಂಜಿನಂಥ ನೀರು ಸುರಿದುಕೊಂಡು ಕಿರುಚಿದ ಕಿರುಚಾಟಕ್ಕೆ ಬಿಪಿ ನಿಜವಾಗಿಯೂ ಏರಿತು. ನಗಬಾರದು, ಆದರೆ ನನಗೆ ಈಗಲೂ ನೆನೆಸಿಕೊಂಡರೆ ನಗು ತಡೆಯಲಾಗುವುದಿಲ್ಲ.

ಅಣ್ಣ ಕೂಗಾಡುವವನಲ್ಲ, ಅದೇ ತೊಂದರೆ. ಇಷ್ಟವಿಲ್ಲದ ಮಾತು ಬಂದರೆ ಎದೆಯ ಮೇಲೆ ಕೈ ಇಟ್ಟು ಕಣ್ಣು ಮುಚ್ಚುತ್ತಿದ್ದ, ಅಷ್ಟೇ. ಮನೆಯೆಲ್ಲ ಬಾಗಿಬಿಡುತ್ತಿತ್ತು. ನನಗೋ ಮೊದಲಿನಿಂದಲೂ ಮೂಗಿನ ತುದಿಯಲ್ಲೇ ಕೋಪ. ಅದನ್ನು ಅನ್ನದ ಜೊತೆ ನುಂಗಿ ನುಂಗಿ ಎಷ್ಟೋ ವರ್ಷ ಕಳೆದೆ. ನುಂಗಿದ್ದು ಅರಗುತ್ತದೆ ಎಂದುಕೊಂಡಿದ್ದೆ.

ನನ್ನದೂ ಅಣ್ಣನದೂ ಒಂದು ಡ್ರೈಕ್ಲೀನಿಂಗ್ ಅಂಗಡಿ. ಗಿರಾಕಿಗಳ ಜೊತೆ ನಯವಾಗಿ ಮಾತಾಡುವುದು ಅವನ ಕೆಲಸ, ಹಿಂದಿನ ಕೋಣೆಯಲ್ಲಿ ಕಲೆ ತೆಗೆಯುವುದು ನನ್ನದು. ರಕ್ತದ ಕಲೆಗೆ ತಣ್ಣೀರು, ಶಾಯಿಗೆ ಸ್ಪಿರಿಟ್ಟು, ಎಣ್ಣೆಗೆ ಬೇರೆ, ಚಹಾಕ್ಕೆ ಬೇರೆ. ತಿಳಿಯದೆ ಬಿಸಿ ಉಗಿ ಹಾಯಿಸಿದರೆ ರಕ್ತದ ಕಲೆ ಜನ್ಮಪೂರ್ತಿ ಬಟ್ಟೆಯಲ್ಲೇ ಕೂತುಬಿಡುತ್ತದೆ. ದಿನವಿಡೀ ನನ್ನ ಕೈ ಇಂಥವುಗಳಲ್ಲೇ. ಅದಕ್ಕೇ ನನಗೆ ಗಂಧೆ ಏಳಲು ಶುರುವಾದಾಗ ಎಲ್ಲರೂ ಕೆಮಿಕಲ್ಲಿನ ಮೇಲೆ ಗೂಬೆ ಕೂರಿಸಿದರು. ಕತ್ತಿನಿಂದ ಶುರುವಾಗಿ ತೋಳು, ಬೆನ್ನು, ಹೊಟ್ಟೆಯವರೆಗೆ ಕೆಂಪಗೆ ದಪ್ಪ ದಪ್ಪ ಗಂಧೆ. ಕೆರೆದು ಕೆರೆದು ಚರ್ಮ ಕಿತ್ತು ಬರುತ್ತಿತ್ತು. ಕೈಗವಸು ಹಾಕಿದೆ, ಕಿಟಕಿ ತೆಗೆಸಿದೆ, ಸೋಪು ಬದಲಿಸಿದೆ. ಏನೂ ಉಪಯೋಗವಾಗಲಿಲ್ಲ.

ಕೊನೆಗೆ ನಮ್ಮ ಮನೆಯ ಡಾಕ್ಟರ ಹತ್ತಿರ ಹೋದೆ. ಊರಿನ ಇನ್ನೊಂದು ತುದಿಯಲ್ಲಿ ಅವರ ಪುಟ್ಟ ಆಸ್ಪತ್ರೆ, ಭಾನುವಾರವೂ ತೆರೆದಿರುತ್ತದೆ. ಅಪ್ಪನ ಕಾಲದಿಂದ ನಮ್ಮೆಲ್ಲರ ನಾಲಿಗೆ ನೋಡಿದವರು. ರಕ್ತ ಪರೀಕ್ಷೆ, ಅಲರ್ಜಿ ಪರೀಕ್ಷೆ ಎಲ್ಲ ಮಾಡಿಸಿ ಕನ್ನಡಕ ತೆಗೆದು ಕೇಳಿದರು.

"ಅಂಗಡಿ ದಿನ ಜಾಸ್ತಿನಾ, ರಜಾ ದಿನ ಜಾಸ್ತಿನಾ?"

ನಾನು ಅಲ್ಲಿಯವರೆಗೆ ಅದನ್ನು ಯೋಚಿಸಿಯೇ ಇರಲಿಲ್ಲ. ಕೆಮಿಕಲ್ಲಿನಲ್ಲಿ ಮುಳುಗಿರುವ ದಿನಗಳಲ್ಲಿ ಮೈ ತಣ್ಣಗಿರುತ್ತಿತ್ತು. ಭಾನುವಾರ ಊಟ ಮುಗಿಯುವಷ್ಟರಲ್ಲಿ ಕತ್ತು ಕಡಿಯಲು ಶುರುವಾಗುತ್ತಿತ್ತು. ಅದನ್ನೂ, ನುಂಗುವ ಸಿಟ್ಟನ್ನೂ ಹೇಳಿದೆ.

"ಹಾಗಾದ್ರೆ ಇದು ಮನಸ್ಸಿಂದ ಬಂದಿದ್ದಾ ಡಾಕ್ಟ್ರೇ? ಸುಳ್ಳು ಕಾಯಿಲೆನಾ?"

"ಮನಸ್ಸಿಂದ ಅಂದ್ರೆ ಸುಳ್ಳು ಅಂತ ಯಾರು ಹೇಳಿದ್ದು? ಗಂಧೆ ನಿಜ, ಕಡಿತ ನಿಜ. ಹೆದರಿದ್ರೆ ಎದೆ ಹೊಡ್ಕೊಳ್ಳಲ್ವಾ, ನಾಚಿಕೆ ಆದ್ರೆ ಮುಖ ಕೆಂಪಾಗಲ್ವಾ? ನರ ಅನ್ನೋದು ಚರ್ಮದ ತನಕ ಬಂದಿರತ್ತೆ ಕಣಮ್ಮ. ಎಲ್ಲಾರ ಗಂಧೆಗೂ ಇದೇ ಕಾರಣ ಅಂತ ಅಲ್ಲ. ನಿಮ್ಮದಕ್ಕೆ ಇದು ತುಪ್ಪ ಸುರೀತಿದೆ ಅನ್ಸತ್ತೆ."

"ಹಾಗಾದ್ರೆ ಸಿಟ್ಟು ಮಾಡ್ಕೋಬೇಕಾ, ಬಿಡಬೇಕಾ? ಒಂದು ಹೇಳಿ."

"ದಿನಾ ಕೂಗಾಡಿದ್ರೂ ಮೈಗೆ ಒಳ್ಳೇದಲ್ಲ, ದಿನಾ ನುಂಗಿದ್ರೂ ಒಳ್ಳೇದಲ್ಲ. ಸಿಟ್ಟು ಯಾಕೆ ಬರ್ತಿದೆ ನೋಡಿ, ಅದನ್ನ ಸರಿ ಮಾಡ್ಕೊಳ್ಳಿ. ಕಡಿತಕ್ಕೆ ಮಾತ್ರೆ ಕೊಡ್ತೀನಿ. ಸಿಟ್ಟಿಗೆ ನನ್ನ ಹತ್ರ ಮಾತ್ರೆ ಇಲ್ಲ."

ಮನೆಗೆ ಬಂದು ಅತ್ತಿಗೆಗೆ ಹೇಳಿದೆ. ಅವರ ಮುಖದಲ್ಲಿ ದೊಡ್ಡ ನಿರಾಳ ಕಂಡಿತು. "ನೋಡಿದ್ಯಾ, ಮನಸ್ಸಿಂದ ಅಂತ ಡಾಕ್ಟ್ರೇ ಹೇಳಿದ್ರಲ್ಲ. ಇನ್ಮೇಲೆ ಶಾಂತವಾಗಿರು" ಎಂದರು.

ನನಗೆ ಉರಿದುಹೋಯಿತು. ಅಣ್ಣನ ಬಿಪಿಗೆ ಇಡೀ ಮನೆ ಶಾಂತವಾಗಿರಬೇಕು, ನನ್ನ ಗಂಧೆಗೆ ನಾನೊಬ್ಬಳೇ ಶಾಂತವಾಗಿರಬೇಕು, ಇದು ಯಾವ ಸೀಮೆಯ ನ್ಯಾಯ ಎಂದು ಕೇಳಬೇಕೆನಿಸಿತು. ಅಣ್ಣ ಪಕ್ಕದ ಕೋಣೆಯಲ್ಲಿದ್ದ. ಬಾಯಿ ಮುಚ್ಚಿಕೊಂಡು ಬೆನ್ನು ಕೆರೆದುಕೊಂಡೆ.

ನಮ್ಮ ಈ ಮೌನಕ್ಕೆ ಒಂದು ಹುಟ್ಟಿದ ದಿನವಿದೆ. ಅಪ್ಪ ಅದೇ ಊಟದ ಮೇಜಿನಲ್ಲಿ ಹೋದದ್ದು, ಅಮ್ಮನ ಜೊತೆ ಜಗಳವಾಡುತ್ತ. ಜಗಳ ಬೀರುವನ್ನು ಯಾವ ಗೋಡೆಗೆ ಸರಿಸಬೇಕು ಎಂಬುದಕ್ಕೆ. "ನಿಮಗೆ ಹೇಳಿ ಹೇಳಿ ನನಗೆ ಸಾಕಾಯ್ತು" ಎಂದು ಅಮ್ಮ ಹೇಳುತ್ತಿದ್ದಂತೆಯೇ ಅಪ್ಪ ಒಂದು ಕಡೆಗೆ ವಾಲಿದರು. ಆಸ್ಪತ್ರೆಯಿಂದ ಬರಿಗೈಯಲ್ಲಿ ಬಂದ ಅಣ್ಣ ಬಾಗಿಲಲ್ಲೇ ನಿಂತು ಅಮ್ಮನಿಗೆ ಅಂದ: "ಮಾತಲ್ಲೇ ಕೊಂದ್ಬಿಟ್ಟೆ." ದುಃಖದಲ್ಲಿ ಬಂದ ಮಾತು, ಒಪ್ಪುತ್ತೇನೆ. ಆದರೆ ಅವನು ಅದನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ನೆಂಟರು ಅದನ್ನೇ ಎತ್ತಿಕೊಂಡರು. ಬೀದಿಯ ಆ ತುದಿಗೆ ಕೇಳುವ ಗಂಟಲು ಅಮ್ಮನದು. ಆವತ್ತಿನಿಂದ ಒಂದು ಲೋಟ ನೀರು ಕೇಳುವುದನ್ನೂ ತಪ್ಪು ಮಾಡಿದವಳ ಹಾಗೆ ಕೇಳುತ್ತಿದ್ದಳು. ಸಾಯುವವರೆಗೂ ಹಾಗೆಯೇ ಇದ್ದಳು.

ಆಮೇಲೆ ಅಣ್ಣನಿಗೇ ಬಿಪಿ ಬಂತು. ಮಾತಿನಿಂದ ಮನುಷ್ಯ ಸಾಯುತ್ತಾನೆ ಎಂದು ನಂಬಿದ ಮನೆ ಮೇಜಿಗೆ ಮೆಷಿನ್ನು ತಂದಿಟ್ಟಿತು.

ಇಷ್ಟರಲ್ಲಿ ಒಂದು ನಾಟಕ ಕಂಪನಿಯ ವಸ್ತ್ರ ಮೇಲ್ವಿಚಾರಕರು ಅಂಗಡಿಗೆ ಬಂದರು. ಕೈಯಲ್ಲಿ ರಾಜನ ಪಾತ್ರದ ಮಖಮಲ್ಲಿನ ಕೋಟು. ಕಾಲರಿನಲ್ಲಿ ಬಣ್ಣ, ಬೆವರು, ಯಾರೋ ಅರ್ಧಂಬರ್ಧ ತೊಳೆದು ಕೆಡಿಸಿದ ಗುರುತು. ಬೇರೆ ಅಂಗಡಿಯವರು ನಮ್ಮಿಂದಾಗದು ಎಂದುಬಿಟ್ಟಿದ್ದರಂತೆ. ಒಳಗಿನಿಂದ ಲೈನಿಂಗ್ ಬಿಚ್ಚಿ, ಹಿಂಬದಿಯಿಂದ ಒದ್ದೆ ಮಾಡಿ, ಮಖಮಲ್ಲಿನ ಎಳೆ ಮಲಗದ ಹಾಗೆ ಬ್ರಷ್ಷಿನ ತುದಿಯಲ್ಲಿ ಬಣ್ಣ ಎತ್ತಿದೆ. ಅವರು ಕೋಟನ್ನು ಬೆಳಕಿಗೆ ಹಿಡಿದು ನೋಡಿ ಒಯ್ದವರು, ಒಂದು ವಾರ ಬಿಟ್ಟು ಮತ್ತೆ ಬಂದರು. ಅವರ ಊರಿನ ರಂಗಮಂದಿರದಲ್ಲಿ ಉಡುಪಿನ ಕೋಣೆ ನೋಡಿಕೊಳ್ಳಲು ಜನ ಬೇಕಂತೆ, ಇರಲು ಒಂದು ಕೋಣೆಯೂ ಇದೆಯಂತೆ. ರೈಲಿನಲ್ಲಿ ಅರ್ಧ ದಿನದ ದಾರಿ. "ಬರ್ತೀರಾ? ಭಾನುವಾರದೊಳಗೆ ಹೇಳ್ಬಿಡಿ, ಇಲ್ಲಾಂದ್ರೆ ಬೇರೆಯವರನ್ನ ನೋಡ್ಬೇಕು" ಎಂದರು.

ನನಗೆ ಆಗ ನಲವತ್ತಾರು. ಯಾರಾದರೂ ನನ್ನನ್ನೇ ಹುಡುಕಿಕೊಂಡು ಬಂದು 'ಬರ್ತೀರಾ' ಎಂದು ಕೇಳಿದ್ದು ಅದೇ ಮೊದಲು.

ಅತ್ತಿಗೆಗೆ ಮೆಲ್ಲಗೆ ಹೇಳಿದೆ. "ಈಗ ಬೇಡ ಕಣೇ. ಅವರ ಬಿಪಿ ಸ್ವಲ್ಪ ಇಳೀಲಿ" ಎಂದರು. "ಇಳೀದೇ ಇದ್ರೆ?" ಎಂದೆ. "ಹಾಗೆಲ್ಲ ಅನ್ಬೇಡ, ಬಿಡ್ತು ಅನ್ನು" ಎಂದು ನನ್ನ ಬಾಯಿ ಮುಚ್ಚಿಸಿದರು. ಅವರನ್ನು ದೂರಿ ಏನು ಪ್ರಯೋಜನ. ಗಂಡ ಉಸಿರಾಡುತ್ತಿದ್ದಾನಾ ಎಂದು ನಿದ್ದೆಯಲ್ಲೂ ಎದ್ದು ನೋಡುವವರು ಅವರು.

ನಮ್ಮ ಮನೆಯ ಮಹಡಿಯಲ್ಲಿ ಚಿಕ್ಕಪ್ಪ ಇದ್ದಾರೆ, ಅಪ್ಪನ ತಮ್ಮ. ಕಾಲೇಜಿನಲ್ಲಿ ತತ್ವಶಾಸ್ತ್ರ ಪಾಠ ಮಾಡಿ ನಿವೃತ್ತರಾದವರು. ಮಧ್ಯಾಹ್ನ ಅಂಗಡಿಗೆ ಬಂದು ಇಸ್ತ್ರಿ ಮೇಜಿನ ಪಕ್ಕ ಸ್ಟೂಲು ಎಳೆದುಕೊಂಡು ಚಹಾ ಕುಡಿಯುವುದು ಅವರ ಅಭ್ಯಾಸ. ನನ್ನ ತೋಳು ನೋಡಿ ಲೊಚಗುಟ್ಟಿದರು.

"ಆಧಿ ಅಂದ್ರೆ ಮನಸ್ಸಿನ ಬೇನೆ, ವ್ಯಾಧಿ ಅಂದ್ರೆ ಮೈಯಿನ ಬೇನೆ. ಮನಸ್ಸಿನದು ಮೈಗಿಳಿದು ಹೀಗಾಗತ್ತೆ ಅಂತ ನಮ್ಮ ಹಿಂದಿನವರು ಯಾವಾಗಲೋ ಹೇಳಿಟ್ಟಿದ್ದಾರೆ ಕಣೇ. ಅನ್ನಮಯ ಕೋಶ ಅಂದ್ರೆ ಈ ಮೈ, ಅದರೊಳಗೆ ಪ್ರಾಣಮಯ, ಅದರೊಳಗೆ ಮನೋಮಯ ಅಂದ್ರೆ ಮನಸ್ಸು. ಒಂದರೊಳಗೊಂದು."

"ಕೋಟಿನೊಳಗೆ ಲೈನಿಂಗ್ ಇದ್ದ ಹಾಗೆ" ಎಂದೆ.

"ಹಾಗೇ ಅನ್ಕೋ. ಲೈನಿಂಗ್ ಮುದುರಿಕೊಂಡ್ರೆ ಮೇಲಿಂದ ಎಷ್ಟು ಇಸ್ತ್ರಿ ಹೊಡೆದ್ರೂ ಕೋಟು ನೆಟ್ಟಗೆ ಕೂರಲ್ಲ. ಅದಕ್ಕೇ ಕ್ರೋಧವನ್ನ ಗೆಲ್ಲಬೇಕು ಅನ್ನೋದು."

ಇಸ್ತ್ರಿ ಪೆಟ್ಟಿಗೆ ಎತ್ತಿ ನಿಲ್ಲಿಸಿದೆ. "ಯಾರು ಗೆಲ್ಲಬೇಕು ಚಿಕ್ಕಪ್ಪ? ನಾನೊಬ್ಳೇನಾ? ಎದೆ ಹಿಡ್ಕೊಂಡು ಮನೇನೆಲ್ಲ ಕೂರಿಸಿಟ್ಟಿರೋದು ಕ್ರೋಧ ಅಲ್ವಾ? ಅದು ಕೂಗಲ್ಲ ಅಂತ ಅದಕ್ಕೆ ಬೇರೆ ಹೆಸರಾ?"

ಚಿಕ್ಕಪ್ಪ ಸ್ಟೂಲನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡರು. ಪಾಠ ಒಪ್ಪಿಸುವ ದನಿ ಹೋಗಿತ್ತು.

"ಪ್ರಜ್ಞಾಪರಾಧ ಅಂತ ಒಂದು ಮಾತಿದೆ. ಇದು ಸರಿ ಅಂತ ಬುದ್ಧಿಗೆ ಗೊತ್ತಿರತ್ತೆ, ಗೊತ್ತಿದ್ದೂ ಅದಕ್ಕೆ ವಿರುದ್ಧವಾಗಿ ನಡ್ಯೋದು. ರೋಗಕ್ಕೆ ದೊಡ್ಡ ಮೂಲ ಅದೇ ಅಂತ ಹಳೇ ವೈದ್ಯರು ಹೇಳಿದ್ರು. ಜೀವಮಾನವಿಡೀ ಅದನ್ನ ಪಾಠ ಮಾಡ್ದೆ."

"ನೀವು ಪಾಠ ಮಾಡಿದ ಹಾಗೆ ನಡ್ಕೊಂಡ್ರಾ?"

"ಎಲ್ಲಿ ನಡ್ಕೊಂಡೆ? ನಿಮ್ಮಣ್ಣ ನಿಮ್ಮಮ್ಮನಿಗೆ ಆ ಮಾತು ಅಂದಾಗ ನಾನೂ ಅಲ್ಲೇ ನಿಂತಿದ್ದೆ. ಭಾನುವಾರ ಊಟಕ್ಕೆ ನಾನೂ ಬಾಯಿಗೆ ಬೀಗ ಹಾಕ್ಕೊಂಡೇ ಕೂರ್ತೀನಿ." ಲೋಟ ಕೆಳಗಿಟ್ಟು ಎದ್ದರು. "ನೀನು ಮಾತಾಡೋದಾದ್ರೆ ಮಾತಾಡು. ನಾನು ಎದ್ದು ಹೋಗಲ್ಲ, ಅಷ್ಟು ಹೇಳ್ತೀನಿ."

ಆ ಭಾನುವಾರ ಅತ್ತಿಗೆ ತುಟಿ ಬಿಗಿದರು. ತಟ್ಟೆಗಳು ಬಂದವು. ಚಿಕ್ಕಪ್ಪ ನನ್ನ ಕಡೆ ನೋಡಲಿಲ್ಲ, ಆದರೆ ಊಟಕ್ಕೆ ಕೈಯನ್ನೂ ಹಾಕಲಿಲ್ಲ. ನನ್ನ ಕತ್ತು ಆಗಲೇ ಕಡಿಯುತ್ತಿತ್ತು.

"ಅಣ್ಣ, ನಾನು ಬೇರೆ ಊರಲ್ಲಿ ಕೆಲಸಕ್ಕೆ ಹೋಗ್ತಿದ್ದೀನಿ" ಎಂದೆ. "ರಂಗಮಂದಿರದಲ್ಲಿ. ಉಡುಪಿನ ಕೋಣೆ. ಅಂಗಡೀಲಿ ಕೆಲಸಕ್ಕಿರೋ ಹುಡುಗಿಗೆ ಕಲೆ ತೆಗೆಯೋದು ಕಲಿಸಿದ್ದೀನಿ, ಅವಳ ಕೈ ಚೆನ್ನಾಗಿದೆ. ಇವತ್ತು ಅವರಿಗೆ ಫೋನ್ ಮಾಡಿ ಹೂಂ ಅಂತೀನಿ."

ಅತ್ತಿಗೆಯ ಕೈಯಲ್ಲಿದ್ದ ಚಮಚ ಪಾತ್ರೆಯೊಳಗೆ ಬಿತ್ತು. ಅಣ್ಣ ಎದೆಯ ಮೇಲೆ ಕೈ ಇಟ್ಟು ಕಣ್ಣು ಮುಚ್ಚಿದ. ಎಲ್ಲರೂ ನನ್ನ ಮುಂದಿನ ಮಾತಿಗೆ ಕಾದರು. 'ಬಿಡು, ಹೋಗಲ್ಲ' ಎನ್ನುವುದು ಅಲ್ಲಿ ಬರಬೇಕಾದ ಮಾತಾಗಿತ್ತು.

"ಎದೆ ನೋಯ್ತಿದ್ಯಾ?" ಎಂದೆ.

ಅವನ ಕೈ ಎದೆಯ ಮೇಲೇ ಇತ್ತು.

"ನೋಯ್ತಿದ್ರೆ ನೋಯ್ತಿದೆ ಅನ್ನು, ಡಾಕ್ಟರ ಹತ್ರ ಹೋಗೋಣ. ನೋಯ್ತಿಲ್ಲಾಂದ್ರೆ ಕೈ ತೆಗಿ, ಮಾತಾಡೋಣ."

ಅಣ್ಣ ಕಣ್ಣು ತೆರೆದ. ಕಣ್ಣಲ್ಲಿ ನೀರಿತ್ತು. "ಅಮ್ಮ ಅಪ್ಪನ್ನ ಕೊಂದ ಹಾಗೆ ನನ್ನನ್ನೂ ಕೊಲ್ತೀಯಾ ಪುಟ್ಟಿ?"

ನಲವತ್ತಾರರಲ್ಲೂ ನಾನು ಅವನಿಗೆ ಪುಟ್ಟಿಯೇ. ಬೇರೆ ದಿನವಾಗಿದ್ದರೆ ಆ ಒಂದು ಹೆಸರಿಗೆ ಕರಗಿಬಿಡುತ್ತಿದ್ದೆ. ಆದರೆ ಅಮ್ಮನ ಹೆಸರು ಎತ್ತಿದ್ದನಲ್ಲ. ನನಗೆ ಹೆದರಿಕೆಯೂ ಆಯಿತು, ಸುಳ್ಳು ಹೇಳುವುದಿಲ್ಲ. ನಿಜವಾಗಿಯೂ ಏನಾದರೂ ಆದರೆ ನನ್ನ ಗತಿಯೂ ಅಮ್ಮನ ಗತಿಯೇ. ಎದ್ದು ಗೋಡೆಯ ಮೊಳೆಯಿಂದ ಅಂಗಡಿ ವ್ಯಾನಿನ ಕೀಲಿ ತೆಗೆದುಕೊಂಡೆ.

"ಏಳು. ಆಸ್ಪತ್ರೆಗೆ ಹೋಗೋಣ. ಉಳಿದ ಜಗಳ ದಾರೀಲಿ ಆಡ್ತೀನಿ."

ಆಡಿದೆ ಕೂಡ. ಹಿಂದೆ ಕವರು ಹಾಕಿದ ಗಿರಾಕಿಗಳ ಬಟ್ಟೆಗಳು ನೇತಾಡುತ್ತಿದ್ದವು, ಅವುಗಳ ಮಧ್ಯೆ ಚಿಕ್ಕಪ್ಪ ಬಗ್ಗಿ ಕೂತಿದ್ದರು. ಪಕ್ಕದಲ್ಲಿ ಅಣ್ಣ, ಅವನ ಕೈ ಹಿಡಿದು ಅತ್ತಿಗೆ. ಗೇರು ಬದಲಿಸುತ್ತ ನಾನು ಇಷ್ಟು ವರ್ಷದ್ದೆಲ್ಲ ಹೇಳಿದೆ. ಅಮ್ಮ ನೀರು ಕೇಳುತ್ತಿದ್ದ ರೀತಿ ಹೇಳಿದೆ. ಗೀಸರಿನದೂ ಹೇಳಿದೆ. "ನಿಧಾನಕ್ಕೆ ಓಡ್ಸು" ಎಂದಷ್ಟೇ ಅಣ್ಣ ಎರಡು ಸಲ ಅಂದ. ನನ್ನ ಮಾತಿಗೆ ಹೇಳಿದನೋ ವ್ಯಾನಿಗೋ ತಿಳಿಯಲಿಲ್ಲ.

ಡಾಕ್ಟರು ಇಸಿಜಿ ತೆಗೆದರು, ರಕ್ತ ತೆಗೆದರು, ಬಿಪಿ ನೋಡಿದರು. ಪಟ್ಟಿ ಬಿಚ್ಚುತ್ತ, "ಏರಿದೆ. ಜಗಳ ಆಡಿದ್ರೆ ಏರದೆ ಇರತ್ತಾ? ಹೃದಯ ಸದ್ಯಕ್ಕೆ ಸರಿಯಾಗೇ ಇದೆ. ಮಲಗಿ, ಇನ್ನೊಂದು ಸಲ ನೋಡೋಣ" ಎಂದರು. ಅಣ್ಣ ಮಲಗಿದ. ಮತ್ತೆ ನೋಡಿದಾಗ ಇಳಿದಿತ್ತು. ಅತ್ತಿಗೆ ಅದನ್ನು ನಂಬಲಾರದೆ ಇನ್ನೊಮ್ಮೆ ನೋಡಿಸಿದರು.

"ಬೆಳಿಗ್ಗೆ ನಡೀರಿ ಅಂತ ಹೇಳಿದ್ದೆ, ನಡೀತಿದ್ದೀರಾ?" ಡಾಕ್ಟರು ಕೇಳಿದರು. ಅಣ್ಣ ಮುಖ ತಿರುಗಿಸಿದ. "ಉಪ್ಪು ಕಮ್ಮಿ ಮಾಡಿದ್ರಾ? ಮಾತ್ರೆ ತಪ್ಪಿಸ್ದೆ ತಗೋತಿದ್ದೀರಾ?" ಅತ್ತಿಗೆ ನೆಲ ನೋಡಿದರು. "ಇನ್ನೇನು ಮಾಡ್ತಿದ್ದೀರಿ ಹಾಗಾದ್ರೆ?"

"ಅವರ ಮುಂದೆ ಯಾರೂ ಏನೂ ಮಾತಾಡ್ತಿಲ್ಲ ಡಾಕ್ಟ್ರೇ. ಟೆನ್ಶನ್ ಬೇಡ ಅಂದಿದ್ರಲ್ಲ ನೀವು" ಎಂದರು ಅತ್ತಿಗೆ.

ಡಾಕ್ಟರು ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದರು. ಅವರು ಹೇಳಿದ್ದರಲ್ಲಿ ಅಣ್ಣ ಮಾಡಬೇಕಾದದ್ದನ್ನೆಲ್ಲ ಬಿಟ್ಟು, ಬೇರೆಯವರು ಮಾಡಬಹುದಾದ ಒಂದೇ ಒಂದನ್ನು ನಾವು ಹಿಡಿದುಕೊಂಡಿದ್ದೆವು. ಅದನ್ನು ಮಾತ್ರ ಶ್ರದ್ಧೆಯಿಂದ ಮಾಡಿದ್ದೆವು.

ಆಗ ಅಣ್ಣ ಮಲಗಿದಲ್ಲಿಂದಲೇ ಕೇಳಿದ. ಚಾವಣಿ ನೋಡುತ್ತ ಕೇಳಿದ. "ಡಾಕ್ಟ್ರೇ, ಮಾತಿಂದ ಮನುಷ್ಯ ಸಾಯ್ತಾನಾ? ನಮ್ಮಪ್ಪ ಸತ್ತಿದ್ದು ಅಮ್ಮನ ಮಾತಿಂದಾನಾ?"

ಡಾಕ್ಟರು ಸ್ಟೂಲು ಎಳೆದು ಕೂತರು. "ನಿಮ್ಮ ತಂದೆ ಅದಕ್ಕೆ ಎಷ್ಟೋ ಮುಂಚೆಯಿಂದ ನನ್ನ ಹತ್ರ ಬರ್ತಿದ್ರು. ರಕ್ತನಾಳ ಕಟ್ಟಿಕೊಳ್ತಾ ಬಂದಿತ್ತು. ಸಿಗರೇಟು ಬಿಡಿ ಅಂದೆ, ನಕ್ರು. ಜಗಳ ಒಂದು ಕಡ್ಡಿ ಗೀರಿರಬಹುದು, ಇಲ್ಲ ಅನ್ನಲ್ಲ. ಆದ್ರೆ ಸೀಮೆಎಣ್ಣೆ ಮನೆ ತುಂಬ ಸುರಿದಿತ್ತಪ್ಪ. ಆ ಜಗಳ ಇಲ್ದಿದ್ರೆ ಮೆಟ್ಟಿಲು ಹತ್ತುವಾಗ ಆಗ್ತಿತ್ತು."

"ಆಗಲೇ ಯಾಕೆ ಹೇಳಲಿಲ್ಲ ನೀವು?" ಎಂದೆ ನಾನು.

"ಯಾರೂ ಕೇಳಲಿಲ್ಲ."

ಅಣ್ಣ ಅತ್ತ. ದೊಡ್ಡವರು ಅಳುವ ಹಾಗೆ ಮುಖ ಮುಚ್ಚಿಕೊಂಡು ಅಲ್ಲ, ಬಾಯಿ ಸೊಟ್ಟ ಮಾಡಿಕೊಂಡು ಅತ್ತ. "ಅಮ್ಮಂಗೆ ಹೇಳ್ಬೇಕಿತ್ತು" ಎಂದ.

"ಹೌದು. ಹೇಳ್ಬೇಕಿತ್ತು" ಎಂದೆ.

ಅತ್ತಿಗೆ ನನ್ನನ್ನು ದುರುಗುಟ್ಟಿ ನೋಡಿದರು. 'ಹೋಗಲಿ ಬಿಡು' ಎಂದು ನಾನು ಅನ್ನಬೇಕಿತ್ತು. ಆದರೆ ಅದನ್ನು ಅನ್ನಬೇಕಾದವಳು ಅಮ್ಮ, ಅವಳ ಪರವಾಗಿ ಅನ್ನಲು ನಾನ್ಯಾರು. ಚಿಕ್ಕಪ್ಪ ಅಣ್ಣನ ಕಾಲು ಸವರುತ್ತ, "ನಾನೂ ಹೇಳ್ಬೇಕಿತ್ತು ಕಣೋ" ಎಂದರು.

ಅಣ್ಣ ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದ. "ಅಪ್ಪ ಹೋದ ವಯಸ್ಸು ನನಗೀಗ. ದಿನಾ ಬೆಳಿಗ್ಗೆ ಎದ್ದ ತಕ್ಷಣ ಎದೆ ಮುಟ್ಟಿ ನೋಡ್ಕೋತೀನಿ. ನೀನು ಹೊರಟುಹೋದ್ರೆ ಆ ಅಂಗಡೀಲಿ ಒಬ್ನೇ ಕೂತಿರೋದು ನೆನೆಸ್ಕೊಂಡ್ರೆ ಭಯ ಆಗತ್ತೆ ಪುಟ್ಟಿ."

ಇಷ್ಟು ವರ್ಷದಲ್ಲಿ ಅವನು ನನಗೆ ಹೇಳಿದ ಮೊದಲ ನಿಜ ಅದು. ಹಾಸಿಗೆಯ ಅಂಚಿನಲ್ಲಿ ಕೂತು ಅವನ ಕೈ ಹಿಡಿದೆ. ನನ್ನ ತೋಳಿನ ತುಂಬ ಗಂಧೆ ಎದ್ದಿತ್ತು, ಅವನು ಅದನ್ನು ನೋಡಿದ. ಬಹುಶಃ ನೋಡಿದ್ದೇ ಆವತ್ತು.

"ಭಯ ಆದ್ರೆ ಭಯ ಅಂತಾನೇ ಹೇಳು, ಕೂತು ಕೇಳ್ತೀನಿ. ಬಿಪಿ ಅಂತ ಹೇಳ್ಬೇಡ" ಎಂದೆ.

"ಹೇಳಿದ್ರೆ ಉಳ್ಕೋತೀಯಾ?"

"ಇಲ್ಲ."

ಅಣ್ಣ ಕೈ ಕಿತ್ತುಕೊಂಡ. ಎದೆಗೆ ಒಯ್ಯಲಿಲ್ಲ. ಮೊಣಕೈ ಊರಿ ಎದ್ದು ಕೂತ. "ಹಾಗಾದ್ರೆ ಹಾಳಾಗಿ ಹೋಗು" ಎಂದು ಕೂಗಿದ. "ಬೆಳೆಸಿದ ಅಂಗಡಿ ಬಿಟ್ಟು ಹೋಗು. ಆ ನಾಟಕದವರ ಬೆವರು ಬಟ್ಟೆ ಉಜ್ಜಿಕೊಂಡು ಬಿದ್ದಿರು. ನನ್ನ ಹತ್ರ ವಾಪಸ್ ಬರ್ಬೇಡ." ಕುತ್ತಿಗೆಯ ನರ ಉಬ್ಬಿತ್ತು. ಅತ್ತಿಗೆ ಅಯ್ಯಯ್ಯೋ ಎನ್ನುತ್ತ ಅವನ ಭುಜ ಹಿಡಿದರು. ನಾನು ಅವರ ಕೈ ಬಿಡಿಸಿದೆ. "ಬೈಲಿ ಬಿಡಿ ಅತ್ತಿಗೆ. ಡಾಕ್ಟ್ರು ಪಕ್ಕದಲ್ಲೇ ಇದ್ದಾರೆ" ಎಂದೆ.

ಆಮೇಲೆ ನಾನೂ ಬೈದೆ. ವಾಪಸ್ ಬರುತ್ತೇನೆ, ಅಂಗಡಿಯಲ್ಲಿ ನನ್ನದೂ ಪಾಲಿದೆ, ಬಂದಾಗೆಲ್ಲ ಜಗಳವಾಡುತ್ತೇನೆ, ಕೇಳದಿದ್ದರೆ ಕಿವಿಗೆ ಹತ್ತಿ ಇಟ್ಟುಕೋ ಎಂದೆ. ನರ್ಸು ಬಂದು ಇದು ಆಸ್ಪತ್ರೆ ಎಂದು ಇಬ್ಬರನ್ನೂ ಗದರಿದರು. ಅಣ್ಣ ಬೈದು ಬೈದು ಗಂಟಲು ಒಣಗಿ ನೀರು ಕೇಳಿದ. ಕೊಟ್ಟೆ. ಗಟಗಟ ಕುಡಿದು ಲೋಟ ನನ್ನ ಕೈಗೇ ಕೊಟ್ಟು, ಬಿಟ್ಟಲ್ಲಿಂದ ಮತ್ತೆ ಶುರು ಮಾಡಿದ.

ಯಾರೂ ಸಾಯಲಿಲ್ಲ. ಹೊರಗೆ ಹೋಗಿ ನಾನು ಫೋನ್ ಮಾಡಿ ಹೂಂ ಅಂದೆ.